ಸೌನಾ ಒಳಗೆ ಸೂಟ್‌ಕೇಸ್ ಇಟ್ಟಿದ್ದೀರಾ? ಮೊದಲು ಹೊರಗೆ ತೆಗೆಯಿರಿ

ಫಿನ್ಲೆಂಡ್‌ಗೆ ಹೊಸದಾಗಿ ಬಂದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ನಮ್ಮ ಹಾಗೆ ಎಸ್ಪೋದಲ್ಲಿ ಬಾಡಿಗೆ ಫ್ಲ್ಯಾಟ್ ಹಿಡಿದು, ಬಚ್ಚಲಿಗೆ ಅಂಟಿಕೊಂಡ ಪುಟ್ಟ ಸೌನಾ, ಅಂದರೆ ಬಿಸಿಯಲ್ಲಿ ಕೂತು ಬೆವರುವ ಮರದ ಕೋಣೆ, ನೋಡಿ "ಸದ್ಯ, ಸ್ಟೋರ್ ರೂಮ್ ಸಿಕ್ತು" ಅಂದುಕೊಂಡವರಿಗೆ.

ಈ ದೇಶದಲ್ಲಿ ಜನ ಸುಮಾರು 56 ಲಕ್ಷ, ಸೌನಾಗಳು ಸುಮಾರು 30 ಲಕ್ಷ. ಸಣ್ಣ ಫ್ಲ್ಯಾಟಿನಲ್ಲೂ ಒಂದು ಇದ್ದರೆ ಆಶ್ಚರ್ಯವಿಲ್ಲ. ಮೊದಲ ಚಳಿಗಾಲ ನಾವು ಉತ್ಸಾಹದಿಂದ ನಾಲ್ಕೈದು ಸಲ ಕೂತೆವು. ಆಮೇಲೆ ಬಿಟ್ಟೆವು. ನಿಧಾನಕ್ಕೆ ಎರಡು ಸೂಟ್‌ಕೇಸ್ ಒಳಗೆ ಹೋದವು. ಮಿಕ್ಸಿಯ ರಟ್ಟಿನ ಡಬ್ಬ ಹೋಯಿತು, ಅಕ್ಕಿ ಚೀಲ ಹೋಯಿತು. ಸಾಗರದಿಂದ ಅಮ್ಮ ಬಂದ ಮೇಲೆ ಬಟ್ಟೆಯೂ ಸೇರಿಕೊಂಡಿತು. ಮಳೆಗಾಲದಲ್ಲಿ ಬಚ್ಚಲೊಲೆಯ ಮೇಲೆ ಗಳ ಕಟ್ಟಿ ಬಟ್ಟೆ ಒಣಗಿಸಿದ ಕೈ ಅದು. ಇಲ್ಲೂ ಒಲೆಯ ಮೇಲೆ ಹಗ್ಗ ಕಟ್ಟಿದರು. ನನಗೂ ತಪ್ಪು ಅನ್ನಿಸಲಿಲ್ಲ. ಒಲೆ ಆಫ್ ಇದೆ ಅಲ್ವಾ?

ನಮ್ಮದು ಕರೆಂಟಿನ ಒಲೆ, ಮೇಲೆ ಕಲ್ಲು ಜೋಡಿಸಿರುತ್ತಾರೆ; ಕಾದ ಕಲ್ಲಿಗೆ ನೀರು ಹಾಕಿದರೆ ಹಬೆ ಏಳುತ್ತದೆ. ಇಲ್ಲಿಯವರು ಅದಕ್ಕೆ ಕಿಯುಆಸ್ ಅನ್ನುತ್ತಾರೆ. ಆರು ಕಿಲೋವ್ಯಾಟ್, ಅಂದರೆ ಊರಿನ ಮೂರು ಗೀಸರ್ ಒಟ್ಟಿಗೆ ಹಾಕಿದಷ್ಟು. ಅದರ ಕೆಳಗಡೆ, ಮಕ್ಕಳ ಕೈಗೆ ಸರಿಯಾಗಿ ಸಿಗುವ ಹಾಗೆ, ಟೈಮರ್ ನಾಬ್. ದಯವಿಟ್ಟು ಈ ನಾಬನ್ನು ಅರ್ಥ ಮಾಡಿಕೊಳ್ಳಿ. ಮೊದಲ ಭಾಗದಲ್ಲಿ 1ರಿಂದ 4. ಅಷ್ಟು ಗಂಟೆ ಒಲೆ ಕಾಯುತ್ತದೆ. ಅದನ್ನು ದಾಟಿ ತಿರುಗಿಸಿದರೆ ಮತ್ತೆ 1ರಿಂದ 8. ಇದು ಬೇರೆಯೇ ಲೆಕ್ಕ. ಇಲ್ಲಿ 6ಕ್ಕೆ ಇಟ್ಟರೆ ಆರು ಗಂಟೆ ಏನೂ ಆಗುವುದಿಲ್ಲ. ಮುಟ್ಟಿ ನೋಡಿದರೂ ಒಲೆ ತಣ್ಣಗಿರುತ್ತದೆ. ಆಮೇಲೆ ತಾನಾಗಿಯೇ ಆನ್ ಆಗಿ ನಾಲ್ಕು ಗಂಟೆ ಕಾಯುತ್ತದೆ. ಆಫೀಸಿನಿಂದ ಬರುವಷ್ಟರಲ್ಲಿ ಸೌನಾ ಬಿಸಿ ಇರಲಿ ಅಂತ ಮಾಡಿಟ್ಟ ಅನುಕೂಲ ಇದು.

ನಮ್ಮ ನಾಲ್ಕು ವರ್ಷದ ಮಗನಿಗೆ ಕಂಡ ಗುಂಡಿಯನ್ನೆಲ್ಲ ತಿರುಗಿಸುವ ಚಟ. ಸಂಜೆ ಏಳರ ಹೊತ್ತಿಗೆ ಅಜ್ಜಿ ಬಟ್ಟೆ ಹರವುವಾಗ ಅವನೂ ಒಳಗಿದ್ದ.

ರಾತ್ರಿ ಒಂದೂವರೆಗೆ ಸ್ಮೋಕ್ ಅಲಾರ್ಮ್ ಹೊಡೆಯಿತು. ಮನೆಯಲ್ಲಿ ಎರಡಿದ್ದವು. ಅಡುಗೆಮನೆ ಪಕ್ಕದ್ದನ್ನು ನಾನೇ ಬಿಚ್ಚಿಟ್ಟಿದ್ದೆ, ಒಗ್ಗರಣೆ ಹಾಕಿದಾಗಲೆಲ್ಲ ಕಿರುಚುತ್ತಿತ್ತು ಅಂತ. ಮಲಗುವ ಕೋಣೆಯ ಮುಂದಿನದು ಉಳಿದಿತ್ತು, ನಾವೂ ಉಳಿದೆವು.

ಎದ್ದು ಹೋಗಿ ನೋಡಿದರೆ ಸೌನಾದ ಗಾಜಿನ ಬಾಗಿಲ ಹಿಂದೆ ಬರೀ ಹೊಗೆ. ನಾನು ಬಾಗಿಲು ತೆಗೆದೆ. ಅದೇ ದೊಡ್ಡ ತಪ್ಪು. ಗಾಳಿ ಸಿಕ್ಕಿದ್ದೇ ತಡ, ಬೆಂಕಿ ಭಗ್ಗನೆ ಎದ್ದಿತು. ಹುಬ್ಬು ಸುಟ್ಟಿತು. ಹೆಂಡತಿ ಹಿಂದಿನಿಂದ ಎಳೆದು ಬಾಗಿಲು ತಳ್ಳಿದಳು. ನೀರು ಎರಚೋಣ ಅಂತ ಬಕೆಟ್ ಹಿಡಿದಿದ್ದೆ, ಕರೆಂಟ್ ಒಲೆ ಅನ್ನುವುದೂ ನೆನಪಿರಲಿಲ್ಲ. ಅವಳೇ ಮೇನ್ ಬೋರ್ಡಿನ ಎಂಸಿಬಿ ಸ್ವಿಚ್ ಇಳಿಸಿ ಕರೆಂಟ್ ಕಡಿದು, ಬಚ್ಚಲ ಬಾಗಿಲು, ಮನೆ ಬಾಗಿಲು ಎಲ್ಲ ಮುಚ್ಚಿಸಿ, ಕೆಳಗೆ ಹೋಗಿ 112ಕ್ಕೆ ಫೋನ್ ಮಾಡಿದಳು. ಇಂಗ್ಲಿಷ್‌ನಲ್ಲೇ ಮಾತಾಡಿದರು. ಹೊರಗೆ ಮೈನಸ್ 12 ಡಿಗ್ರಿ. ಅಮ್ಮ ಸೀರೆಯ ಮೇಲೆ ಮೊಮ್ಮಗನ ಕಂಬಳಿ ಹೊದ್ದು ನಿಂತಿದ್ದರು. ಒಂದು ಮಾತೂ ಆಡಲಿಲ್ಲ.

ಬೆಂಕಿ ಸೌನಾ ದಾಟಲಿಲ್ಲ. ಹೊಗೆ ಮಾತ್ರ ಮನೆಯನ್ನೆಲ್ಲ ಹಿಡಿಯಿತು. ಮೂರು ವಾರ ಬೇರೆ ಕಡೆ ಇದ್ದೆವು. ಅಗ್ನಿಶಾಮಕದವರು ನಾಬ್ ನೋಡಿದ ಕೂಡಲೇ ಕಾರಣ ಹೇಳಿದರು. ಸೌನಾದಲ್ಲಿ ಬಟ್ಟೆ ಒಣಗಿಸಿ ಬೆಂಕಿ ಹೊತ್ತಿಕೊಳ್ಳುವುದು ಇಲ್ಲಿ ಹೊಸದಲ್ಲ, ಫಿನ್ನಿಷ್ ಮನೆಗಳಲ್ಲೂ ಆಗುತ್ತದಂತೆ. ವಿಮೆಯವರು ಪರಿಹಾರದಲ್ಲಿ ಒಂದಿಷ್ಟು ಕತ್ತರಿಸಿದರು. ಒಲೆಯ ಸುತ್ತ ಸಾಮಾನು ಇಡಬಾರದು ಅಂತ ಸೂಚನೆಯಲ್ಲಿ ಇದೆ ಎಂದರು. ಇತ್ತು ನಿಜ. ನಾವು ಓದಿರಲಿಲ್ಲ.

ನೀವು ಸೌನಾ ಬಳಸುವುದೇ ಇಲ್ಲವಾ? ಕಿಯುಆಸ್ ಅಂತ ಬರೆದ ಎಂಸಿಬಿ ಇಳಿಸಿಬಿಡಿ. ಇಳಿಸಿದ್ದೇವಲ್ಲ ಅಂತ ಒಳಗೆ ಸಾಮಾನು ತುಂಬಬೇಡಿ, ಯಾರೋ ಒಂದು ದಿನ ಮೇಲೆತ್ತುತ್ತಾರೆ. ಬಳಸುವವರಾದರೆ ಪ್ರತಿ ಸಲ ಆನ್ ಮಾಡುವ ಮೊದಲು ಒಳಗೆ ಕಣ್ಣಾಡಿಸಿ. ಟವೆಲ್ ಕೂಡ ಒಲೆಯ ಮೇಲೆ ತೂಗುಹಾಕಬೇಡಿ. ಕಲ್ಲುಗಳು ಕಾದು, ನೀರು ಬಿದ್ದು, ವರ್ಷಗಳಲ್ಲಿ ಪುಡಿಯಾಗುತ್ತವೆ. ವರ್ಷಕ್ಕೊಮ್ಮೆಯಾದರೂ ಒಲೆ ತಣ್ಣಗಿರುವಾಗ ತೆಗೆದು, ಪುಡಿ ಚೆಲ್ಲಿ, ಮತ್ತೆ ಜೋಡಿಸಿ. ಒತ್ತೊತ್ತಾಗಿ ತುರುಕಬೇಡಿ, ನಡುವೆ ಗಾಳಿ ಆಡಬೇಕು. ಹಾಗಂತ ಒಳಗೆ ಕಾಯುವ ಕಾಯಿಲ್ ಕಾಣುವ ಹಾಗೂ ಬಿಡಬೇಡಿ. ನದಿಯಿಂದ ಆರಿಸಿ ತಂದ ಕಲ್ಲು ಬೇಡ, ಅಂಗಡಿಯಲ್ಲಿ ಇದಕ್ಕೆಂದೇ ಸಿಗುತ್ತದೆ. ಕಲ್ಲಿನ ಮೇಲೆ ಹಾಕುವುದು ಶುದ್ಧ ನೀರು ಮಾತ್ರ. ಗೆಳೆಯನೊಬ್ಬ ನೀಲಗಿರಿ ಎಣ್ಣೆಯನ್ನು ನೇರವಾಗಿ ಸುರಿಯಲು ಹೊರಟಿದ್ದ. ಎಣ್ಣೆ ಹೊತ್ತಿಕೊಳ್ಳುತ್ತದೆ ಮಾರಾಯಾ!

ಈಗಿರುವ ಕಟ್ಟಡದಲ್ಲಿ ಸೌನಾ ನೆಲಮಾಳಿಗೆಯಲ್ಲಿದೆ, ಎಲ್ಲರಿಗೂ ಸೇರಿ ಒಂದೇ. ಶುಕ್ರವಾರ ಸಂಜೆ ಒಂದು ಗಂಟೆ ನಮ್ಮ ಸರದಿ. ಮನೆಯ ಎರಡೂ ಅಲಾರ್ಮ್ ಸೂರಿನಲ್ಲೇ ಇವೆ. ಮೊನ್ನೆ ಅಮ್ಮನ ಜೊತೆ ವಿಡಿಯೋ ಕಾಲ್‌ನಲ್ಲಿರುವಾಗ ಸಾರಿಗೆ ಒಗ್ಗರಣೆ ಹಾಕಿದೆ. ಒಂದೇ ಸಮನೆ ಕಿರುಚತೊಡಗಿತು. ನಾನು ಸ್ಟೂಲ್ ಎಳೆದೆ.

"ಮುಟ್ಬೇಡ್ವೋ," ಅಂದರು ಅಮ್ಮ. "ಕಿಟಕಿ ತೆಗಿ. ಅದು ಕಿರುಚ್ಲಿ."