ಬಿಲ್ಲಿನ ತಾರೀಖು, ದೋಣಿಯ ಹೊತ್ತು: ಮೂರು ಟೂಲ್‌ಗಳನ್ನು ನಾನೇ ಬಳಸಿ ನೋಡಿದ್ದು

ಶಿರಸಿಯ ಒಂದು ಮಸಾಲೆ ಅಂಗಡಿಗೂ, ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವ ಕಡೆ ಇರುವ ಒಂದು ಹೋಂಸ್ಟೇಗೂ ನಾನು ಕಂಪ್ಯೂಟರ್ ಕೆಲಸ ಮಾಡಿಕೊಡುತ್ತೇನೆ. ಬಿಲ್ ತಯಾರಿಸುವುದು, ಬುಕ್ಕಿಂಗ್ ಬಂದರೆ ಪಟ್ಟಿಗೆ ಸೇರಿಸುವುದು, ನೆನಪಿನ ಮೆಸೇಜ್ ಕಳಿಸುವುದು. ಮೊದಲು ಎಲ್ಲ ಕೈಯಲ್ಲೇ ನಡೆಯುತ್ತಿತ್ತು. ಈಗ ಹೆಚ್ಚಿನದು ವರ್ಕ್‌ಫ್ಲೋ, ಅಂದರೆ ಒಂದರ ಹಿಂದೊಂದು ನಡೆಯುವ ಹಂತಗಳ ಸರಣಿ, ಕಟ್ಟಿ ತಾನಾಗಿ ನಡೆಯುವ ಹಾಗೆ ಮಾಡಿದ್ದೇನೆ.

ಒಂದು ಸಂಜೆ ಹೋಂಸ್ಟೇಯ ದೋಣಿಯವರು ಫೋನ್ ಮಾಡಿದರು. "ನಾಳೆ ಬೆಳಿಗ್ಗೆ ಎಂಟಕ್ಕೆ ಪೂರ್ತಿ ಉಬ್ಬರ ಅಂತ ಮೆಸೇಜ್ ಬಂದಿದೆ. ಎಂಟಕ್ಕೆ ಅಲ್ಲಿ ಮರಳು ಕಾಣ್ತದೆ ಮಾರಾಯ್ರೆ." ಅವರು ಹೇಳಿದ್ದೇ ಸರಿ. ನಾನು ತರಿಸಿಕೊಳ್ಳುತ್ತಿದ್ದ ಉಬ್ಬರದ ಹೊತ್ತು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಎಂದು ಇಟ್ಟುಕೊಂಡ ಗಡಿಯಾರದಲ್ಲಿ, ಇತ್ತು. ಅದನ್ನು ಹಾಗೇ ಮೆಸೇಜಿಗೆ ಹಾಕಿದ್ದೆ. ನಮ್ಮ ಗಡಿಯಾರ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದೆ. ಅಂದರೆ ನಿಜವಾದ ಉಬ್ಬರ ಮಧ್ಯಾಹ್ನ ಒಂದೂವರೆಗೆ. ನಮ್ಮ ಕರಾವಳಿಯಲ್ಲಿ ಉಬ್ಬರದಿಂದ ಇಳಿತಕ್ಕೆ ಸುಮಾರು 6 ಗಂಟೆ 12 ನಿಮಿಷ ಹಿಡಿಯುತ್ತದೆ. ಹಾಗಾಗಿ ಐದೂವರೆ ಗಂಟೆ ತಪ್ಪಿತು ಅಂದರೆ ಬರೀ ಹೊತ್ತು ತಪ್ಪಿದ್ದಲ್ಲ. ಉಬ್ಬರ ಎಂದಲ್ಲಿ ಇಳಿತ, ಇಳಿತ ಎಂದಲ್ಲಿ ಉಬ್ಬರ. ಆ ನೀರಲ್ಲಿ ಮಕ್ಕಳಿರುವ ಕುಟುಂಬಗಳೂ ಹೋಗುತ್ತವೆ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮರುದಿನದಿಂದ ಕೂತು ಇದನ್ನೇ ನೋಡಿದೆ. ಯಾವ ಟೂಲ್‌ನಲ್ಲಿ ಇಂಥ ತಪ್ಪು ಕಡಿಮೆ? ಗೂಗಲ್ ಶೀಟ್ಸ್ ಜೊತೆ ಆ್ಯಪ್ಸ್ ಸ್ಕ್ರಿಪ್ಟ್ (ಶೀಟಿಗೆ ಕೋಡ್ ಬರೆಯುವ ಗೂಗಲ್‌ನದೇ ಟೂಲ್), ಮೇಕ್ (Make), ಎನ್‌ಏಟ್‌ಎನ್ (n8n; ಮೇಕ್‌ನಂತೆ ಇದೂ ವರ್ಕ್‌ಫ್ಲೋ ಕಟ್ಟುವ ಟೂಲ್): ಈ ಮೂರರಲ್ಲೂ ಅದೇ ಕೆಲಸವನ್ನು ಕಟ್ಟಿದೆ.

ಟೂಲ್‌ಗಳ ಮಾತಿಗಿಂತ ಮೊದಲು ಒಂದು ವಿಷಯ ಹೇಳಬೇಕು. ನಾವು ಸುಮ್ನೆ "ಡೇಟ್" ಅನ್ನುತ್ತೇವೆ. ಅದರೊಳಗೆ ಮೂರು ಬೇರೆ ಬೇರೆ ಸಂಗತಿ ಇವೆ. ಮದುವೆ ಕಾಗದ ನೆನಪು ಮಾಡಿಕೊಳ್ಳಿ. ಅದರಲ್ಲಿ ತಾರೀಖು ಇರುತ್ತದೆ. ಅಮೆರಿಕದ ಅಣ್ಣ ಓದಿದರೂ ಅದೇ ತಾರೀಖು, ಬದಲಾಗುವುದಿಲ್ಲ. ಇದು ದಿನ. ಮುಹೂರ್ತವನ್ನು ಅವನು ಫೋನಿನಲ್ಲಿ ನೇರ ನೋಡಬೇಕು ಅಂದರೆ ಮಾತ್ರ ಅವನ ಗಡಿಯಾರಕ್ಕೆ ಹೊಂದಿಸಬೇಕು. ಇದು ಕ್ಷಣ. ಮೂರನೆಯದು ಒಂದು ಊರಿನ ಗಡಿಯಾರಕ್ಕೆ ಕಟ್ಟಿದ ಹೊತ್ತು: "ಪ್ರತಿ ಮಂಗಳವಾರ ಅವರ ಬೆಳಿಗ್ಗೆ ಹತ್ತಕ್ಕೆ" ಅನ್ನುವಂಥದ್ದು. ಹೋಂಸ್ಟೇಯ ಚೆಕ್-ಇನ್ ಒಂದು ದಿನ. ಹಣ ಬಂದದ್ದು ಒಂದು ಕ್ಷಣ. ಶಿರಸಿಯಿಂದ ಕಾಳುಮೆಣಸು ತರಿಸಿಕೊಳ್ಳುವ ಜರ್ಮನಿಯವರ ಜೊತೆಗಿನ ಫೋನ್ ಮೂರನೆಯ ಜಾತಿ.

"ಎಲ್ಲವನ್ನೂ ಯುಟಿಸಿಯಲ್ಲಿ ಇಟ್ಟುಬಿಡಿ, ತಲೆನೋವೇ ಇಲ್ಲ" ಅಂತ ತುಂಬ ಜನ ಹೇಳುತ್ತಾರೆ. ಕ್ಷಣಕ್ಕೆ ಆ ಮಾತು ಸರಿ. ಉಳಿದ ಎರಡಕ್ಕೆ ತಪ್ಪು. ನನ್ನ ಹೋಲಿಕೆಯೆಲ್ಲ ಇದರ ಮೇಲೇ ನಿಂತಿದೆ.

ಹಳೆಯ ಪಂಚಾಂಗಗಳಲ್ಲಿ ಯಾವ ಊರಿನ ಸೂರ್ಯೋದಯ ಹಿಡಿದು ಲೆಕ್ಕ ಹಾಕಿದ್ದು ಎಂದು ಬರೆದಿರುತ್ತಾರಲ್ಲ, ಅದು ಎಷ್ಟು ಒಳ್ಳೆಯ ಪದ್ಧತಿ ಅಂತ ನನಗೆ ಈಗ ಅರ್ಥವಾಗಿದೆ. ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಕಾರವಾರ ಇರುವುದು 74.1ರ ಹತ್ತಿರ. ಒಂದು ಡಿಗ್ರಿಗೆ 4 ನಿಮಿಷ. ಲೆಕ್ಕ ಹಾಕಿದರೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಅರ್ಧ ಗಂಟೆಗೂ ಸ್ವಲ್ಪ ಜಾಸ್ತಿ ಹಿಂದೆ. ಊರಿನ ಹೆಸರಿಲ್ಲದ ಹೊತ್ತು ಅರ್ಧ ಮಾಹಿತಿ ಅಷ್ಟೇ.

ಇನ್ನು ಪರೀಕ್ಷೆಗಳು. ರಾತ್ರಿ 12:40ಕ್ಕೆ ಬಂದ ಬುಕ್ಕಿಂಗ್ ಯಾವ ದಿನಕ್ಕೆ ಬೀಳುತ್ತದೆ? ಏಪ್ರಿಲ್ 1ರ ಬೆಳಗಿನ ಜಾವ 5 ಗಂಟೆಗೆ ಮಾಡಿದ ಬಿಲ್ ಯಾವ ಆರ್ಥಿಕ ವರ್ಷಕ್ಕೆ ಹೋಗುತ್ತದೆ? "03/04/2025" ಎಂದು ಕೊಟ್ಟರೆ ಏಪ್ರಿಲ್ 3 ಎಂದು ತಿಳಿಯುತ್ತದೋ, ಮಾರ್ಚ್ 4 ಎಂದೋ? ಜರ್ಮನಿಯ ಗಡಿಯಾರ ಬದಲಾದ ವಾರ (ಅಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಚಳಿಗಾಲಕ್ಕೆ ಹಿಂದಿಡುತ್ತಾರೆ) ಫೋನಿನ ನೆನಪು ಸರಿಯಾದ ಹೊತ್ತಿಗೆ ಬರುತ್ತದೋ?

ಎರಡನೆಯದನ್ನು ಸಣ್ಣದು ಅಂದುಕೊಳ್ಳಬೇಡಿ. ಏಪ್ರಿಲ್ 1ರ ಬೆಳಗಿನ 5 ಗಂಟೆ ಯುಟಿಸಿಯಲ್ಲಿ ಮಾರ್ಚ್ 31ರ ರಾತ್ರಿ 11:30. ಟೂಲ್ ಆ ತಾರೀಖನ್ನು ಹಿಡಿದರೆ ಬಿಲ್ ಹಳೆಯ ವರ್ಷದ ನಂಬರ್ ಪಡೆಯುತ್ತದೆ. ಜಿಎಸ್‌ಟಿ ಲೆಕ್ಕದಲ್ಲೂ ಮಾರ್ಚಿಗೆ ಸೇರುತ್ತದೆ. ಪ್ರತಿ ತಿಂಗಳು ರಿಟರ್ನ್ ಹಾಕುವವರಿಗೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ಲೆಕ್ಕದ ರಿಟರ್ನ್, ಮರುತಿಂಗಳ 11ರೊಳಗೆ ಹೋಗಬೇಕು. ಆಮೇಲೆ ಕಂಡರೆ ತಿದ್ದುಪಡಿಯ ಕೆಲಸ. ನಮ್ಮ ಅಂಗಡಿಯಲ್ಲಿ ಲಾರಿ ತುಂಬಿಸುವ ದಿನ ನಾಲ್ಕೂವರೆಗೇ ದೀಪ ಹತ್ತುತ್ತದೆ. ಬೆಳಗಿನ ಜಾವದ ಬಿಲ್ ನಮಗೆ ಮಾಮೂಲು.

ಮೊದಲು ಗೂಗಲ್ ಶೀಟ್ಸ್. ಅಂಗಡಿಯವರಿಗೂ ಹೋಂಸ್ಟೇಯವರಿಗೂ ಗೊತ್ತಿರುವುದು ಅದೇ, ದುಡ್ಡೂ ಬೇಡ. ಆದರೆ ಇದರಲ್ಲಿ ಗಮನಿಸಬೇಕಾದ ಸೆಟ್ಟಿಂಗ್ ಮೂರು ಕಡೆ ಇದೆ. ಶೀಟಿನ ಲೋಕೇಲ್ (ಯಾವ ದೇಶದ ರೂಢಿಯಂತೆ ತಾರೀಖು ಓದಬೇಕು ಅನ್ನುವುದು), ಶೀಟಿನ ಟೈಮ್ ಝೋನ್, ಸ್ಕ್ರಿಪ್ಟ್ ಪ್ರಾಜೆಕ್ಟಿನ ಟೈಮ್ ಝೋನ್. ಲೋಕೇಲ್ ಅಮೆರಿಕ ಎಂದಿದ್ದರೆ 03/04 ಎಂದು ಬರೆದದ್ದು ಮಾರ್ಚ್ 4 ಆಗುತ್ತದೆ, ಸದ್ದಿಲ್ಲದೆ. 15/04 ಎಂದು ಬರೆದರೆ ಅದಕ್ಕೆ ಹದಿನೈದನೆಯ ತಿಂಗಳು ಗೊತ್ತಿಲ್ಲ, ಹಾಗಾಗಿ ಬರೀ ಅಕ್ಷರವಾಗಿ ಬಿಡುತ್ತದೆ. ಒಂದೇ ಕಾಲಮ್ಮಿನಲ್ಲಿ ತಿಂಗಳ ಮೊದಲ 12 ದಿನ ತಿರುಗಿ ಬಿದ್ದಿರುತ್ತವೆ, ಉಳಿದವು ಅಕ್ಷರ. ಪತ್ತೆ ಹಚ್ಚುವುದು ಸುಲಭ: ತಾರೀಖು ಬಲಕ್ಕೆ ಅಂಟಿರುತ್ತದೆ, ಅಕ್ಷರ ಎಡಕ್ಕೆ. ಎರಡೂ ಬಗೆ ಕಂಡರೆ ಲೋಕೇಲ್ ನೋಡಿ.

ಟೈಮ್ ಝೋನ್‌ನ ಗೊಂದಲ ಇನ್ನೂ ಆಳ. ಶೀಟಿನ ತಾರೀಖನ್ನು ಸ್ಕ್ರಿಪ್ಟ್ ಓದಿದಾಗ ಅದು ದಿನವಾಗಿ ಉಳಿಯುವುದಿಲ್ಲ, ಆ ದಿನದ ಮಧ್ಯರಾತ್ರಿಯ ಕ್ಷಣವಾಗುತ್ತದೆ. ಅದನ್ನು ಬೇರೊಂದು ಸೇವೆಗೆ ಕಳಿಸಿ ನೋಡಿ. ಏಪ್ರಿಲ್ 15 ಎಂದು ಬರೆದದ್ದು "ಏಪ್ರಿಲ್ 14, 18:30" ಎಂದು ಹೋಗುತ್ತದೆ, ಕೊನೆಯಲ್ಲಿ ಯುಟಿಸಿ ಎಂದು ತೋರಿಸುವ ಝಡ್ ಅಕ್ಷರ. ಭಾರತದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಯಾರಿಗಾದರೂ ಈ 18:30 ನೋಡಿದ ತಕ್ಷಣ ಗೊತ್ತಾಗುತ್ತದೆ. ನಮ್ಮ ಮಧ್ಯರಾತ್ರಿ ಅಲ್ಲಿ ಹಿಂದಿನ ಸಂಜೆಯ ಆರೂವರೆ. ಹಿಂದಿನ ದಿನಕ್ಕೆ ಕೋಣೆ ಬುಕ್ ಆಗುವುದು ಹೀಗೆ.

ಇದಕ್ಕೆ ನಾನು ಕಂಡುಕೊಂಡ ದಾರಿ: ದಿನದ ಕಾಲಮ್ಮನ್ನು ಪ್ಲೇನ್ ಟೆಕ್ಸ್ಟ್ ಮಾಡಿ, ವರ್ಷ-ತಿಂಗಳು-ದಿನ ಕ್ರಮದಲ್ಲಿ "2025-04-15" ಎಂದು ಇಡುವುದು. ಸ್ಕ್ರಿಪ್ಟಿನಲ್ಲೂ ಕಣ್ಣಿಗೆ ಕಾಣುವ ಅಕ್ಷರವನ್ನೇ ಓದುವುದು, ಮಧ್ಯರಾತ್ರಿಯ ಕ್ಷಣವಾಗಿಬಿಡುವ ತಾರೀಖನ್ನಲ್ಲ. ಹಾಗೆ ಮಾಡಿದ ಮೇಲೆ ದಿನದ ವಿಷಯದಲ್ಲಿ ಶೀಟ್ಸ್ ಪೂರ್ತಿ ಪಾಸ್.

ಹೊತ್ತಿನ ವಿಷಯದಲ್ಲಿ ಅಷ್ಟು ಚೆನ್ನಾಗಿಲ್ಲ. ದಿನಕ್ಕೊಮ್ಮೆ ಸ್ಕ್ರಿಪ್ಟನ್ನು ತಾನಾಗಿ ಓಡಿಸುವ ಟ್ರಿಗರ್‌ಗೆ "8ರಿಂದ 9ರೊಳಗೆ" ಅಂತ ಒಂದು ಗಂಟೆಯ ಅವಕಾಶ ಕೊಡಬೇಕು. ಕೋಡ್ ಬರೆದು ನಿಮಿಷ ಹೇಳಿದರೂ 15 ನಿಮಿಷ ಆಚೀಚೆ ಆಗಬಹುದು. ಬೇರೆ ಊರಿನ ಟೈಮ್ ಝೋನ್ ಕೊಡಲು ಬರುತ್ತದೆ, ಅದು ಒಳ್ಳೆಯದೇ. ಆದರೆ ಹತ್ತು ನಿಮಿಷ ಮೊದಲು ಬರಬೇಕಾದ ಫೋನಿನ ನೆನಪು ಐದು ನಿಮಿಷ ತಡವಾಗಿ ಬಂದರೆ ಏನು ಬಂತು?

ಮೇಕ್ ಮೊದಲು ಇಂಟೆಗ್ರೋಮ್ಯಾಟ್ ಎಂದಿತ್ತು, 2022ರಲ್ಲಿ ಹೆಸರು ಬದಲಾಯಿತು. ಉಂಡೆ ಉಂಡೆಯಾಗಿ ಕಾಣುವ ಹಂತಗಳನ್ನು ಗೆರೆ ಎಳೆದು ಜೋಡಿಸುವುದು. ಕೋಡ್ ಬಾರದವರಿಗೆ ಇದೇ ಹಿತ. ತಾರೀಖನ್ನು ಓದುವಾಗ ಯಾವ ಕ್ರಮ, ಯಾವ ಟೈಮ್ ಝೋನ್ ಅಂತ ಅಲ್ಲೇ ಹೇಳಬಹುದು. ಹೇಳಿದರೆ 03/04 ಪರೀಕ್ಷೆ, ಏಪ್ರಿಲ್ 1ರ ಪರೀಕ್ಷೆ ಎರಡೂ ಪಾಸ್. ಹೇಳದೆ ಬಿಟ್ಟರೂ ಅದು ಎಚ್ಚರಿಸುವುದಿಲ್ಲ, ಅದೇ ಕಷ್ಟ. ಜರ್ಮನಿಯ ನೆನಪಿಗೆ ಆ ಒಂದು ಕೆಲಸಕ್ಕೆ ಮಾತ್ರ ಬೇರೆ ಟೈಮ್ ಝೋನ್ ಕೊಡುವ ಜಾಗ ನನಗೆ ಸಿಗಲಿಲ್ಲ. 15 ನಿಮಿಷಕ್ಕೊಮ್ಮೆ ಓಡಿಸಿ, "ಈಗ ಬರ್ಲಿನ್‌ನಲ್ಲಿ ಎಷ್ಟು ಗಂಟೆ" ಅಂತ ಕೇಳಿ ಮುಂದೆ ಬಿಡುವ ಹಾಗೆ ಮಾಡಿದೆ. ಕೆಲಸ ಆಯಿತು. ಆದರೆ ವಾರಕ್ಕೊಂದು ಮೆಸೇಜಿಗಾಗಿ ಅಷ್ಟು ಸಲ ಓಡಿ, ತಿಂಗಳಿಗೆ ಇಷ್ಟು ಎಂದು ಮೇಕ್ ಕೊಡುವ ಮಿತಿ ಸುಮ್ನೆ ಖರ್ಚಾಗುತ್ತದೆ.

ಒಂದು ಎಚ್ಚರಿಕೆ ಇಲ್ಲಿ ಹೇಳಲೇಬೇಕು. ತಾರೀಖಿನ ರೂಪ ಬರೆಯುವ ಅಕ್ಷರಗಳು ಎಲ್ಲ ಕಡೆ ಒಂದೇ ಅಲ್ಲ. ಮೇಕ್‌ನಲ್ಲಿ ದಿನಕ್ಕೆ ದೊಡ್ಡಕ್ಷರದ ಎರಡು ಡಿ. ಅದನ್ನೇ ನಕಲು ಮಾಡಿ ಆ್ಯಪ್ಸ್ ಸ್ಕ್ರಿಪ್ಟಿಗೆ ಹಾಕಿದರೆ ವರ್ಷದ ಎಷ್ಟನೆಯ ದಿನ ಅಂತ ಅರ್ಥ. ಏಪ್ರಿಲ್ 3 ಎಂಬುದು "93-04-2025" ಎಂದು ಬರುತ್ತದೆ. ಇದು ಕಣ್ಣಿಗೆ ಬೀಳುತ್ತದೆ, ಪರವಾಗಿಲ್ಲ. ದೊಡ್ಡಕ್ಷರದ ವೈ ಕಣ್ಣಿಗೆ ಬೀಳುವುದಿಲ್ಲ. ಸ್ಕ್ರಿಪ್ಟಿನಲ್ಲಿ ಅದು ವಾರ ಲೆಕ್ಕದ ವರ್ಷ, ಅಂದರೆ ಆ ವಾರ ಯಾವ ವರ್ಷಕ್ಕೆ ಸೇರುತ್ತದೋ ಆ ವರ್ಷ. ವರ್ಷವಿಡೀ ಸರಿಯಾಗಿ ತೋರಿಸಿ, ಡಿಸೆಂಬರಿನ ಕೊನೆಯ ದಿನಗಳಲ್ಲಿ ಮುಂದಿನ ವರ್ಷ ತೋರಿಸಬಹುದು. ಹೋಂಸ್ಟೇಗೆ ಜಾಸ್ತಿ ಜನ ಬರುವುದು ಆ ವಾರವೇ ಅಲ್ವಾ?

ಎನ್‌ಏಟ್‌ಎನ್‌ಗೆ ಬಂದರೆ, ಇದನ್ನು ನಮ್ಮದೇ ಯಂತ್ರದಲ್ಲಿ ಹಾಕಿಕೊಳ್ಳಬಹುದು. ಹಾಗೆ ಹಾಕಿಕೊಂಡಾಗ ಅದರ ಮೂಲ ಟೈಮ್ ಝೋನ್ ನ್ಯೂಯಾರ್ಕ್. ಅಲ್ಲೂ ಗಡಿಯಾರ ಬದಲಿಸುತ್ತಾರೆ. ಹಾಗಾಗಿ ಟೈಮ್ ಝೋನ್ ಬದಲಿಸದಿದ್ದರೆ ಬೆಳಿಗ್ಗೆ 9ರ ಕೆಲಸ ಅಲ್ಲಿನ ಬೇಸಿಗೆಯ ಗಡಿಯಾರ ಇರುವಾಗ ನಮ್ಮ ಸಂಜೆ 6:30ಕ್ಕೆ ಓಡುತ್ತದೆ, ಚಳಿಗಾಲದಲ್ಲಿ 7:30ಕ್ಕೆ. ಹಾಗಾಗಿ ಮೊದಲ ಕೆಲಸ "ಏಷ್ಯಾ/ಕೋಲ್ಕತ್ತಾ" ಎಂದು ಬರೆಯುವುದು.

ಅದಾದ ಮೇಲೆ ಇದು ನನಗೆ ತುಂಬ ಇಷ್ಟವಾಯಿತು. ಕಾರಣ ಒಂದೇ: ಪ್ರತಿ ವರ್ಕ್‌ಫ್ಲೋಗೂ ಅದರದ್ದೇ ಟೈಮ್ ಝೋನ್ ಕೊಡಬಹುದು. ದೋಣಿಯ ವರ್ಕ್‌ಫ್ಲೋ ಕೋಲ್ಕತ್ತಾ, ಮಂಗಳವಾರದ ಫೋನಿನ ವರ್ಕ್‌ಫ್ಲೋ ಬರ್ಲಿನ್. 2025ರಲ್ಲಿ ಯುರೋಪಿನ ಗಡಿಯಾರ ಮುಂದೆ ಹೋದದ್ದು ಮಾರ್ಚ್ 30, ಭಾನುವಾರ. ಆ ದಿನ ನಮ್ಮಲ್ಲಿ ಯುಗಾದಿ. ಅದರ ಹಿಂದಿನ ಮಂಗಳವಾರ ಅವರ ಬೆಳಗಿನ 10 ಎಂದರೆ ನಮಗೆ ಮಧ್ಯಾಹ್ನ 2:30. ಹಬ್ಬ ಮುಗಿದ ಮಂಗಳವಾರ, ಏಪ್ರಿಲ್ 1ಕ್ಕೆ, 1:30. ಆ ಎರಡು ತಾರೀಖುಗಳನ್ನೂ ಕೊಟ್ಟು ನೋಡಿದೆ, ಒಂದು ಗಂಟೆಯ ವ್ಯತ್ಯಾಸವನ್ನು ಅದೇ ಹಿಡಿಯಿತು. ಇದನ್ನೇ "ಯುಟಿಸಿ 9 ಗಂಟೆ" ಎಂದು ಇಟ್ಟಿದ್ದರೆ ಅವರು ಕಾದು ಕೂರುವ ಹೊತ್ತಿಗೆ ನಮ್ಮವರು ಊಟಕ್ಕೆ ಕೂತಿರುತ್ತಿದ್ದರು. ದುಬೈಗೆ ಈ ತಾಪತ್ರಯ ಇಲ್ಲ. ಅಲ್ಲಿ ಗಡಿಯಾರ ಬದಲಿಸುವುದಿಲ್ಲ, ವರ್ಷವಿಡೀ ಒಂದೂವರೆ ಗಂಟೆ ಹಿಂದೆ.

ಇದರ ಕಷ್ಟ ಬೇರೆ ಕಡೆ ಇದೆ. ಶಿರಸಿಯಲ್ಲಿ ಮನೆಯ ಪುಟ್ಟ ಕಂಪ್ಯೂಟರಿನಲ್ಲಿ ಇದನ್ನು ಹಾಕಿದ್ದೆ. ಆಷಾಢದ ಮಳೆ ಹಿಡಿದರೆ ಇಲ್ಲಿ ಕರೆಂಟ್ ಯಾವಾಗ ಬರುತ್ತದೋ ಹೇಳಲಾಗದು. ಕರೆಂಟ್ ಇಲ್ಲದಾಗ ತಪ್ಪಿದ ಓಟವನ್ನು ಅದು ಆಮೇಲೆ ತಾನಾಗಿ ಓಡಿಸುವುದಿಲ್ಲ. ಇನ್ನೂ ದೊಡ್ಡ ತೊಂದರೆ ಎಂದರೆ ಆ ಪುಟ್ಟ ಯಂತ್ರದೊಳಗೆ ಬ್ಯಾಟರಿಯ ಗಡಿಯಾರವಿಲ್ಲ. ನೆಟ್ ಬಂದ ಮೇಲೆಯೇ ಅದಕ್ಕೆ ಸರಿಯಾದ ಹೊತ್ತು ಗೊತ್ತಾಗುವುದು. ಕರೆಂಟ್ ಬಂದು ನೆಟ್ ಬಾರದಿದ್ದ ಒಂದು ಮಧ್ಯಾಹ್ನ ಅದು ಹಳೆಯ ಹೊತ್ತನ್ನೇ ಹಿಡಿದು ದಾಖಲೆ ಬರೆಯುತ್ತಾ ಕೂತಿತ್ತು. ಆಮೇಲೆ ಬಾಡಿಗೆ ಸರ್ವರಿಗೆ ಸಾಗಿಸಿದೆ. ತಿಂಗಳಿಗೆ ಸ್ವಲ್ಪ ದುಡ್ಡು ಹೋಗುತ್ತದೆ. ಮಲೆನಾಡಿನ ಮಳೆಗಾಲಕ್ಕೆ ಅದು ಕೊಡಬೇಕಾದ ದುಡ್ಡೇ.

ಇಂಥದ್ದೇ ಇನ್ನೊಂದು ಟೂಲ್ ಆದ ಮೈಕ್ರೋಸಾಫ್ಟಿನ ಪವರ್ ಆಟೋಮೇಟನ್ನೂ ಸ್ವಲ್ಪ ದಿನ ನೋಡಿದೆ. ಆಫೀಸಿನಲ್ಲಿ ಮೊದಲೇ ಅದಿದ್ದರೆ ಬೇರೆ ಹುಡುಕುವುದು ಬೇಡ. ಟೈಮ್ ಝೋನ್ ಹೇಳದಿದ್ದರೆ ಅದು ಯುಟಿಸಿ ಹಿಡಿಯುತ್ತದೆ, ನಮ್ಮ ಟೈಮ್ ಝೋನ್‌ನ ಹೆಸರೂ ಅಲ್ಲಿ "ಇಂಡಿಯಾ ಸ್ಟ್ಯಾಂಡರ್ಡ್ ಟೈಮ್" ಎಂದು ಬೇರೆ ರೀತಿ. ದೊಡ್ಡಕ್ಷರದ ಎರಡು ಎಂ ತಿಂಗಳು, ಚಿಕ್ಕಕ್ಷರದ್ದು ನಿಮಿಷ. ಇಷ್ಟು ನೆನಪಿದ್ದರೆ ಸಾಕು.

ಈಗ ನನ್ನಲ್ಲಿ ಎರಡು ಉಳಿದಿವೆ. ದಿನಗಳೆಲ್ಲ ಶೀಟ್ಸ್‌ನಲ್ಲಿ ಅಕ್ಷರವಾಗಿ: ಚೆಕ್-ಇನ್, ಬಿಲ್ಲಿನ ತಾರೀಖು, ಮಾಲು ಹೊರಟ ದಿನ. ಹೊತ್ತು ನೋಡಿ ನಡೆಯುವುದೆಲ್ಲ ಎನ್‌ಏಟ್‌ಎನ್‌ನಲ್ಲಿ. ಶೀಟಿನಲ್ಲಿ ಹೊತ್ತಿನ ಕಾಲಮ್ ಇರುವಲ್ಲೆಲ್ಲ ಪಕ್ಕದಲ್ಲಿ "ಎಲ್ಲಿನ ಹೊತ್ತು" ಅಂತ ಇನ್ನೊಂದು ಕಾಲಮ್ ಇದೆ. ಅದು ಖಾಲಿ ಇದ್ದರೆ ವರ್ಕ್‌ಫ್ಲೋ ಮುಂದೆ ಹೋಗದೆ ನನಗೆ ಮೆಸೇಜ್ ಕಳಿಸಿ ನಿಲ್ಲುತ್ತದೆ. ಒಬ್ಬನೇ ಇದ್ದು, ಕೋಡ್ ಬೇಡ ಅನ್ನುವವರಿಗೆ ನಾನು ಮೇಕ್ ಹೇಳುತ್ತೇನೆ, ಪ್ರತಿ ಹಂತದಲ್ಲೂ ಟೈಮ್ ಝೋನ್ ಬರೆಯುವುದಾದರೆ ಮಾತ್ರ.

ಉಬ್ಬರದ ಮೆಸೇಜಿನ ಕೊನೆಗೆ ಈಗ "ಭಾರತದ ಹೊತ್ತು" ಎಂದು ಬರೆದಿರುತ್ತದೆ. ದೋಣಿಯವರು ಅದನ್ನು ಓದುತ್ತಾರೆ, ಆಮೇಲೆ ದಡಕ್ಕೆ ಹೋಗಿ ನೀರು ನೋಡುತ್ತಾರೆ. ಎರಡೂ ತಾಳೆಯಾದರೆ ಮಾತ್ರ ದೋಣಿ ಬಿಡುತ್ತಾರೆ. ಅವರು ಹಾಗೆ ನೋಡುವುದನ್ನು ಬಿಡಬಾರದು ಅಂತ ನಾನೇ ಕೇಳಿಕೊಂಡಿದ್ದೇನೆ.