ಮೂನ್ ಸಫಾರಿ: ಬೇಸ್ ಕೇಳಿಸದಿದ್ದರೆ ಅರ್ಧ ಆಲ್ಬಮ್ ಹೋದ ಹಾಗೆ

‘ಮೂನ್ ಸಫಾರಿ ಬೋರು, ಎಲ್ಲಾ ಟ್ರ್ಯಾಕೂ ಒಂದೇ ಥರ’ ಅನ್ನುವವರನ್ನು ಮೊದಲು ಕೇಳಬೇಕಾದ್ದು, ಯಾವುದರಲ್ಲಿ ಕೇಳಿದಿರಿ ಅಂತ. ಬಹುಪಾಲು ಉತ್ತರ ಫೋನಿನ ಸ್ಪೀಕರ್, ಲ್ಯಾಪ್‌ಟಾಪ್, ಇಲ್ಲವೇ ಅಂಗೈಯಗಲದ ಬ್ಲೂಟೂತ್ ಸ್ಪೀಕರ್. ಫ್ರಾನ್ಸಿನ ಏರ್ ಜೋಡಿಯ ಈ 1998ರ ಆಲ್ಬಮ್ಮಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ಚಿಲ್‌ಔಟ್ (ಮೈಮನ ಹಗುರ ಮಾಡುವ ಸಂಗೀತ) ಅಂದ ತಕ್ಷಣ ಹಿನ್ನೆಲೆಯಲ್ಲಿ ಸಣ್ಣಗೆ ಹಾಕಿಬಿಡುವ ಅಭ್ಯಾಸ ನಮಗೆ. ಇದರಲ್ಲಿ ಹಾಡನ್ನು ಹೊತ್ತು ನಡೆಯುವುದು ಕೆಳಸ್ವರಗಳನ್ನು ನುಡಿಸುವ ಬೇಸ್ ಗಿಟಾರು, ಸಣ್ಣಗೆ ಹಾಕಿದಾಗ ಮೊದಲು ಮಾಯವಾಗುವುದೂ ಅದೇ.

ಮೊದಲ ಟ್ರ್ಯಾಕ್ ‘ಲಾ ಫಾಮ್ ದಾರ್ಜಾಂ’ ತೆಗೆದುಕೊಳ್ಳಿ. ಏಳು ನಿಮಿಷ, ಮಾತಿಲ್ಲ. ಏರ್ ಜೋಡಿಯಲ್ಲೊಬ್ಬನಾದ ನಿಕೊಲಾ ಗೊದಾಂ ನುಡಿಸುವ ಬೇಸ್ ಇಲ್ಲಿ ತಾಳ ಹಿಡಿದು ಸುಮ್ಮನಿರುವುದಿಲ್ಲ, ಅದೇ ಮುಖ್ಯ ಗಾಯಕ. ಮೇಲಿನ ಎಲೆಕ್ಟ್ರಿಕ್ ಪಿಯಾನೋ, ಚಪ್ಪಾಳೆ, ಮೂಗ್ ಸಿಂಥಸೈಜರ್ ಎಲ್ಲ ಅದಕ್ಕೆ ಉತ್ತರ ಕೊಡುತ್ತಿರುತ್ತವೆ. ಪ್ರಶ್ನೆಯೇ ಕೇಳಿಸದಿದ್ದರೆ ಉತ್ತರಗಳು ಗೊತ್ತುಗುರಿಯಿಲ್ಲದೆ ತೇಲಿದಂತೆ ಅನ್ನಿಸುವುದು ಸಹಜ.

ಕಾರಣ ಸರಳ. ನಾಲ್ಕು ತಂತಿಯ ಬೇಸ್‌ನ ಅತಿ ಕೆಳಗಿನ ಸ್ವರ ಸುಮಾರು 41 ಹರ್ಟ್ಸ್, ಅಂದರೆ ಸೆಕೆಂಡಿಗೆ 41 ಕಂಪನ. ಫೋನಿನ ಸ್ಪೀಕರ್ 200-300 ಹರ್ಟ್ಸ್‌ನಿಂದ ಕೆಳಗೆ ಬಹುತೇಕ ಮೂಕ. ನಾದ ಹರಿತವಾಗಿರುವ ಬೇಸ್ ಆಗಿದ್ದರೆ ಮೂಲ ಸ್ವರದ ಜೊತೆಗೇ ಹೊಮ್ಮುವ ಮೇಲಿನ ಉಪಸ್ವರಗಳಾದರೂ ಕಿವಿಗೆ ಬಿದ್ದು, ಕೆಳಗಿನ ಸ್ವರವನ್ನು ಮಿದುಳೇ ತುಂಬಿಕೊಳ್ಳುತ್ತದೆ. ಗೊದಾಂ ಕೈಯಲ್ಲಿರುವುದು ಒಳಗೆ ಟೊಳ್ಳಾದ, ಪಿಟೀಲಿನ ಆಕಾರದ ಹಾಫ್ನರ್ ಕಂಪನಿಯ ಬೇಸ್. ಅದರ ನಾದ ಗುಂಡಗೆ, ಮೊಟಕಾಗಿ ಬರುವುದರಿಂದ ಆ ಆಸರೆಯೂ ಕಡಿಮೆ. ಇದರ ಮೇಲೆ ನಮ್ಮ ಕಿವಿಯ ಗುಣ ಬೇರೆ: ಧ್ವನಿ ತಗ್ಗಿದಷ್ಟೂ ಕೆಳಸ್ವರಗಳು ಮೇಲಿನವಕ್ಕಿಂತ ಬೇಗ ಮಸುಕಾಗುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ ಸಂಗತಿ ಇದು.

ಹಾಗಂತ ಖರ್ಚು ಮಾಡಬೇಕಿಲ್ಲ. ಸಾವಿರ ರೂಪಾಯಿಯೊಳಗಿನ ವೈರ್ ಇಯರ್‌ಫೋನ್ ಸಾಕು, ಆದರೆ ಅದರ ತುದಿಯ ಸಿಲಿಕೋನ್ ಟೋಪಿ ಕಿವಿಗೆ ಗಟ್ಟಿಯಾಗಿ ಕೂರಬೇಕು. ಸ್ವಲ್ಪ ಗಾಳಿ ಸೋರಿದರೂ 100 ಹರ್ಟ್ಸ್ ಕೆಳಗಿನದೆಲ್ಲ ಹೋಗುತ್ತದೆ. ಡಬ್ಬದಲ್ಲಿ ಬರುವ ಮೂರೂ ಅಳತೆ ಹಾಕಿ ನೋಡಿ, ಎರಡು ಕಿವಿಗೆ ಬೇರೆ ಬೇರೆ ಅಳತೆ ಬೇಕಾಗುವುದೂ ಉಂಟು. ಸಣ್ಣ ಧ್ವನಿಯಲ್ಲೇ ಕೇಳುವವರು ಸ್ವರಗಳ ಮಟ್ಟ ಏರಿಳಿಸುವ ಈಕ್ವಲೈಸರ್‌ನಲ್ಲಿ 60ರಿಂದ 100 ಹರ್ಟ್ಸ್ ಆಸುಪಾಸು 3-4 ಡೆಸಿಬಲ್ ಏರಿಸಿದರೆ ಸಾಕು. ‘ಬೇಸ್ ಬೂಸ್ಟ್’ ಗುಂಡಿ ಮಾತ್ರ ಬೇಡ. ಅದು 200ರ ತನಕ ಎಲ್ಲವನ್ನೂ ಎತ್ತಿ, ಇದರಲ್ಲಿ ಎರಡು ಹಾಡು ಹಾಡಿದ ಗಾಯಕಿ ಬೆತ್ ಹಿರ್ಷ್ ದನಿಯನ್ನು ಕೆಸರು ಮಾಡುತ್ತದೆ.

ಸ್ಪೀಕರೇ ಬೇಕು ಅನ್ನುವವರು ಗೋಡೆಯಿಂದ ಒಂದು ಗೇಣು ದೂರ ಇಡಿ, ಗೋಡೆಯೇ ಬೇಸ್‌ಗೆ ಬಲ ಕೊಡುತ್ತದೆ. ಮೂಲೆಗೆ ತಳ್ಳಿದರೆ ಸ್ವರಗಳು ಒಂದಕ್ಕೊಂದು ಅಂಟಿಕೊಂಡು ಗುಂಯ್ ಅನ್ನುತ್ತವೆ. ಸ್ಟೀಲ್ ಬೀರುವಿನ ಮೇಲಂತೂ ಬೇಡ, ತಗಡು ತಾನೂ ಹಾಡುತ್ತದೆ. ಕೆಳಗೆ ಮಡಚಿದ ಟವೆಲ್ ಹಾಕಿ, ಫ್ಯಾನನ್ನು ಎರಡಕ್ಕೆ ಇಳಿಸಿ. ಐದರಲ್ಲಿ ತಿರುಗುವ ಫ್ಯಾನಿನ ಭೋರ್ಗರೆತ ಬೇಸ್ ಇರುವ ಜಾಗವನ್ನೇ ಮುಚ್ಚುತ್ತದೆ. ರಾತ್ರಿ ಊಟ ಮುಗಿದು, ಅಡುಗೆಮನೆ ಸದ್ದಡಗಿ, ಪಕ್ಕದ ಮನೆಯ ಟಿವಿ ಆರಿದ ಮೇಲಿನ ಮುಕ್ಕಾಲು ಗಂಟೆ ಇದಕ್ಕೆ ಹೇಳಿ ಮಾಡಿಸಿದ್ದು. ಫೋನನ್ನು ಡು ನಾಟ್ ಡಿಸ್ಟರ್ಬ್‌ಗೆ ಹಾಕಿ, ಶಫಲ್ ತೆಗೆದು, ಒಂದು ಹಾಡಿನ ಕೊನೆಯನ್ನು ಮುಂದಿನದರೊಳಗೆ ಬೆರೆಸುವ ಕ್ರಾಸ್‌ಫೇಡ್ ಸೊನ್ನೆ ಮಾಡಿ. ಆಟೋಪ್ಲೇ ಕೂಡ ಆಫ್ ಆಗಬೇಕು, ಇಲ್ಲದಿದ್ದರೆ ಕೊನೆಯ ಸ್ವರ ಆರುವ ಮುಂಚೆ ಆ್ಯಪ್ ತನಗೆ ತೋಚಿದ್ದನ್ನು ಹಾಕುತ್ತದೆ.

ನಿಜವಾದ ದೋಷ ಎರಡನೇ ಟ್ರ್ಯಾಕ್‌ನಲ್ಲಿದೆ. ‘ಸೆಕ್ಸಿ ಬಾಯ್’ ಒಳ್ಳೆಯ ಹಾಡೇ, ಆದರೆ ಅದರ ಒರಟು ಸಿಂಥ್ ಬೇಸ್ ಮೊದಲ ಟ್ರ್ಯಾಕಿನ ಮೆತ್ತಗಿನ ಗುಂಗನ್ನು ಒದ್ದು ಎಬ್ಬಿಸುತ್ತದೆ. ನಿದ್ದೆಗೆಂದು ಹಾಕಿದವರು ಎದ್ದು ಕೂರುವುದು ಇಲ್ಲೇ. ಉಪಾಯವಿಷ್ಟೆ: ವಾಲ್ಯೂಮ್ ಹೊಂದಿಸುವಾಗ ಮೊದಲು ‘ಸೆಕ್ಸಿ ಬಾಯ್’ ಪಲ್ಲವಿ ಹಾಕಿ, ಅದು ಹಿತವಾಗುವಷ್ಟಕ್ಕೆ ನಿಲ್ಲಿಸಿ, ಆಮೇಲೆ ಶುರುವಿಗೆ ಬನ್ನಿ. ಓದುವಾಗ ಹಾಕಿಕೊಳ್ಳುವವರು ಅದನ್ನೂ, ಒಂದೇ ಸಾಲನ್ನು ಯಂತ್ರದ ದನಿಯಲ್ಲಿ ತಿರುವಿ ಹಾಡುವ ‘ಕೆಲ್ಲಿ ವಾಚ್ ದಿ ಸ್ಟಾರ್ಸ್’ ಅನ್ನೂ ಪಟ್ಟಿಯಿಂದ ತೆಗೆಯಲಿ.

ಎರಡನೇ ಅರ್ಧ ಸೊರಗುತ್ತದೆ ಎಂಬ ಮಾತಿನಲ್ಲೂ ಸ್ವಲ್ಪ ಹುರುಳಿದೆ. ‘ರಿಮೆಂಬರ್’ ಎರಡೂವರೆ ನಿಮಿಷಕ್ಕೇ ಮುಗಿಯುತ್ತದೆ, ಬಾಗಿಲು ತೆಗೆದವರು ಒಳಗೆ ಕರೆಯದೆ ಕಳಿಸಿದ ಹಾಗೆ. ಆದರೆ ‘ಸೆ ಮಾತ್ಯಾಂ ಲಾ’ ಬಂದಾಗ ಆ ತಕರಾರು ಕರಗುತ್ತದೆ. ಅಲ್ಲಿ ಟ್ಯೂಬಾ ಇದೆ. ಬ್ಯಾಂಡ್‌ಸೆಟ್ಟಿನಲ್ಲಿ ಹಿಂದೆ ನಿಂತು ‘ಭೋಂ ಭೋಂ’ ಅನ್ನುವ ಆ ದೊಡ್ಡ ಹಿತ್ತಾಳೆ ವಾದ್ಯ ಇಲ್ಲಿ ಮುಂದೆ ಬಂದು, ಉಸಿರು ಕಟ್ಟಿ ಬಿಡುತ್ತಾ, ಎಷ್ಟು ನಾಜೂಕಾಗಿ ಹಾಡುತ್ತದೆ! ಡೇವಿಡ್ ವಿಟಕರ್ ಸಂಯೋಜಿಸಿದ ತಂತಿವಾದ್ಯಗಳ ಸೊಗಸನ್ನು ಹೊಗಳುವವರು ಬೇಕಾದಷ್ಟು ಜನ, ಈ ಟ್ಯೂಬಾದ ಹೆಸರೆತ್ತುವವರೇ ಕಡಿಮೆ. ಸಣ್ಣ ಸ್ಪೀಕರಿನಲ್ಲಿ ಇದೂ ಅರೆಬರೆ ಕೇಳುವುದೇ ಅದಕ್ಕೆ ಕಾರಣ ಅನ್ನಿಸುತ್ತದೆ. ಬೇಸ್ ಸರಿಹೋದ ಮೇಲೆ ಮೊದಲು ಹಾಕಬೇಕಾದ ಟ್ರ್ಯಾಕ್ ಇದು.

ಬೆತ್ ಹಿರ್ಷ್ ಹಾಡಿದ ಎರಡು ಹಾಡುಗಳಲ್ಲಿ ‘ಆಲ್ ಐ ನೀಡ್’ ಎಲ್ಲರಿಗೂ ಇಷ್ಟ. ‘ಯೂ ಮೇಕ್ ಇಟ್ ಈಸಿ’ ಇನ್ನೂ ಮೇಲು, ದನಿಗೆ ಜಾಗ ಹೆಚ್ಚು.

ಯಾವ ಆವೃತ್ತಿ ಕೊಳ್ಳಬೇಕು? ಈಗಾಗಲೇ ಸ್ಟ್ರೀಮಿಂಗ್ ಚಂದಾ ಇದ್ದರೆ ಏನೂ ಕೊಳ್ಳಬೇಡಿ. ಆಮದು ಎಲ್‌ಪಿಗೆ ಸಾವಿರಗಟ್ಟಲೆ ಸುರಿಯುವ ಬದಲು ಒಳ್ಳೆಯ ಇಯರ್‌ಫೋನ್ ಲೇಸು. ಹಳೆಯ ಸಿಡಿ ಸಿಕ್ಕರೆ ಬಿಡಬೇಡಿ. 2024ರ 25ನೇ ವರ್ಷದ ಆವೃತ್ತಿಯಲ್ಲಿ ಸುತ್ತಲಿಂದಲೂ ಸದ್ದು ಬರುವಂತೆ ಮಾಡುವ ಡಾಲ್ಬಿ ಆಟ್‌ಮಾಸ್ ಮಿಕ್ಸ್ ಇದೆ, ಅದು ಹೋಮ್ ಥಿಯೇಟರ್ ಇದ್ದವರಿಗೆ. ಇಯರ್‌ಫೋನಿನಲ್ಲಿ ಕೇಳುವುದಾದರೆ ಆ್ಯಪ್‌ನ ಆಟ್‌ಮಾಸ್ ಸೆಟ್ಟಿಂಗ್ ಆಫ್ ಮಾಡಿ ಹಳೆಯ ಸ್ಟೀರಿಯೊದಲ್ಲೇ ಕೇಳಿ. ಅದರಲ್ಲಿ ಬೇಸ್ ನಡುವೆ ಗಟ್ಟಿಯಾಗಿ ನಿಲ್ಲುತ್ತದೆ.