ಮನೆಯಲ್ಲೇ ವೀಣೆ, ಹಾಡು, ಮೃದಂಗ ರೆಕಾರ್ಡಿಂಗ್: ಎರಡು ಮೈಕ್, ಒಂದು ಇಂಟರ್‌ಫೇಸ್ ವರ್ಷಗಟ್ಟಲೆ ಬಳಸಿದ ಮೇಲೆ

ನಮ್ಮ ಮನೆಯಲ್ಲಿ ರೆಕಾರ್ಡ್ ಆಗುವುದು ಮೂರೇ: ನನ್ನ ಹಾಡು, ತಂಗಿಯ ವೀಣೆ, ಗೆಳೆಯ ಬಂದಾಗ ಅವನ ಮೃದಂಗ. ಇದಕ್ಕೆ ನಾನು ಬಳಸುತ್ತಿರುವುದು ಆಡಿಯೋ ಟೆಕ್ನಿಕಾ ಎಟಿ2020 ಕಂಡೆನ್ಸರ್ ಮೈಕ್ (ಸೂಕ್ಷ್ಮ ದನಿ ಹಿಡಿಯುವ, ಕರೆಂಟ್ ಬೇಕಾದ ಬಗೆ), ಶೂರ್ ಎಸ್‌ಎಂ57 ಡೈನಮಿಕ್ ಮೈಕ್ (ಕರೆಂಟ್ ಬೇಡದ ಬಗೆ), ಮತ್ತು ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಇಂಟರ್‌ಫೇಸ್‌ನ ಮೂರನೇ ತಲೆಮಾರಿನ ಮಾದರಿ. ಇಂಟರ್‌ಫೇಸ್ ಅಂದರೆ ಮೈಕ್‌ನ ದನಿಯನ್ನು ಕಂಪ್ಯೂಟರ್‌ಗೆ ಮುಟ್ಟಿಸುವ ಪೆಟ್ಟಿಗೆ. ಮೈಕ್‌ನ ಸಣ್ಣ ಸಿಗ್ನಲ್ ಹಿಗ್ಗಿಸುವ ಪ್ರಿಆಂಪ್ ಇಂಟರ್‌ಫೇಸ್ ಒಳಗೇ ಇದೆ. ಬೇರೆ ಪ್ರಿಆಂಪ್ ನಾನು ಕೊಂಡಿಲ್ಲ, ಕೊಳ್ಳುವ ಅಗತ್ಯವೂ ಕಂಡಿಲ್ಲ.

ಯಾಕೆ ಅಂತ ಹೇಳುತ್ತೇನೆ. ಒಂದೇ ದನಿಗೆ ಎಟಿ2020 ಕೊಡುವ ವೋಲ್ಟೇಜ್ ಎಸ್‌ಎಂ57 ಕೊಡುವುದರ ಸುಮಾರು 9 ಪಟ್ಟು. ಡೆಸಿಬೆಲ್ ಲೆಕ್ಕದಲ್ಲಿ 19ರಷ್ಟು ವ್ಯತ್ಯಾಸ. ಅಂದರೆ ಡೈನಮಿಕ್ ಮೈಕ್‌ಗೆ ಪ್ರಿಆಂಪ್ ಅಷ್ಟು ಜಾಸ್ತಿ ದುಡಿಯಬೇಕು. ನನ್ನ ಇಂಟರ್‌ಫೇಸ್‌ನಲ್ಲಿ ಸಿಗುವ ಗೇನ್, ಅಂದರೆ ಸಿಗ್ನಲ್ ಹಿಗ್ಗಿಸುವ ಪ್ರಮಾಣ, 56 ಡೆಸಿಬೆಲ್. ಕಂಡೆನ್ಸರ್ ಹಾಕಿದರೆ ಗುಂಡಿಯನ್ನು ಅರ್ಧ ತಿರುಗಿಸಿದರೆ ಸಾಕು. ಮೃದಂಗಕ್ಕೆ ಎಸ್‌ಎಂ57 ಇಟ್ಟರೂ ಗೇನ್ ಸಾಲುತ್ತದೆ, ವಾದ್ಯವೇ ಜೋರಲ್ವಾ. ತೊಂದರೆ ಬರುವುದು ಒಂದೇ ಕಡೆ: ವೀಣೆಯಂಥ ಮೆಲುದನಿಯ ವಾದ್ಯಕ್ಕೆ ಡೈನಮಿಕ್ ಮೈಕ್ ಇಟ್ಟಾಗ. ಗೇನ್ ಕೊನೆಯವರೆಗೆ ಏರಿಸಬೇಕಾಗುತ್ತದೆ, ಆಗ ವೀಣೆಯ ಜೊತೆ ‘ಸ್ಸ್’ ಅನ್ನುವ ಸದ್ದೂ ಮೇಲೆ ಬರುತ್ತದೆ. ಅದಕ್ಕೂ ದುಬಾರಿ ಪ್ರಿಆಂಪ್ ಬೇಕಿಲ್ಲ. ಕ್ಲೌಡ್‌ಲಿಫ್ಟರ್ ಥರದ ಚಿಕ್ಕ ಬೂಸ್ಟರ್ ಮಧ್ಯೆ ಸೇರಿಸಿದರೆ 25 ಡೆಸಿಬೆಲ್ ಸಿಗುತ್ತದೆ. ಅದಕ್ಕೆ ಇಂಟರ್‌ಫೇಸ್‌ನಿಂದ 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕ್ ಕೇಬಲ್ ಮೂಲಕವೇ ಹೋಗುವ ಕರೆಂಟ್) ಹೋಗಬೇಕು, ಅಷ್ಟೇ. ನಾಲ್ಕನೇ ತಲೆಮಾರಿನ 2ಐ2ನಲ್ಲಿ ಗೇನ್ 69 ಡೆಸಿಬೆಲ್ ಇದೆ. ಹೊಸದಾಗಿ ಕೊಳ್ಳುವವರು ಅದನ್ನೇ ನೋಡಿ.

ವೀಣೆಗೆ ನನ್ನ ಮನಸ್ಸು ಒಪ್ಪಿದ್ದು ಕಂಡೆನ್ಸರ್ ಮಾತ್ರ. ಮೀಟಿದ ಮೇಲೆ ತಂತಿ ನಿಧಾನ ಕರಗುವ ನಾದ, ಗಮಕದಲ್ಲಿ ತಂತಿ ಎಳೆದಾಗಿನ ಸಣ್ಣ ಸಣ್ಣ ಏರಿಳಿತ, ಇವೆಲ್ಲ ಅದರಲ್ಲಿ ಉಳಿಯುತ್ತವೆ. ಮೈಕನ್ನು ವೀಣೆಯ ಕೊಡದಿಂದ ಒಂದೂವರೆ ಅಡಿ ದೂರ ಇಟ್ಟು, ಕುದುರೆಗೂ (ಕೊಡದ ಮೇಲೆ ತಂತಿ ಹೊರುವ ಭಾಗ) ಕೊನೆಯ ಮೆಟ್ಟಿಲಿಗೂ ನಡುವಿನ ಜಾಗಕ್ಕೆ ತಿರುಗಿಸುತ್ತೇನೆ. ನೇರ ಕುದುರೆಗೇ ತಿರುಗಿಸಿದರೆ ಲೋಹದ ಸದ್ದು ಜಾಸ್ತಿ. ತೀರಾ ಹತ್ತಿರ ತಂದರೆ ಮಂದ್ರ ಊದಿಕೊಳ್ಳುತ್ತದೆ. ಮುಂದಿನ ದನಿಯನ್ನೇ ಹೆಚ್ಚು ಹಿಡಿಯುವ ಇಂಥ ಕಾರ್ಡಿಯಾಯ್ಡ್ ಮೈಕ್‌ಗಳ ಗುಣವೇ ಅದು. ಇಂಟರ್‌ಫೇಸ್‌ನ ‘ಏರ್’ ಬಟನ್ (ದನಿಗೆ ಹೊಳಪು ಕೊಡುವುದು) ಹಾಡಿಗೆ ಇಷ್ಟವಾಗುತ್ತದೆ, ವೀಣೆಗೆ ನಾನು ಒತ್ತುವುದಿಲ್ಲ.

ಎಟಿ2020ರ ಸ್ವಂತ ಸದ್ದು (ಮೈಕ್ ತಾನೇ ಹುಟ್ಟಿಸುವುದು) 20 ಡೆಸಿಬೆಲ್ ಅಂತ ಕಂಪನಿಯೇ ಹೇಳುತ್ತದೆ. ರೋಡ್ ಎನ್‌ಟಿ1-ಎ ಮೈಕ್‌ನದು 5. ಓದಲು ದೊಡ್ಡ ಅಂತರ. ಆದರೆ ನಮ್ಮ ಬೀದಿಯ ಸ್ಕೂಟರ್, ಪಕ್ಕದ ಮನೆಯ ಕುಕ್ಕರ್, ತಲೆ ಮೇಲಿನ ಫ್ಯಾನ್ ಇವುಗಳ ಮುಂದೆ ಆ ಅಂತರ ಕಿವಿಗೆ ಬೀಳುವುದೇ ಇಲ್ಲ. ನಿಮ್ಮದು ತೋಟದ ಮನೆ, ರಾತ್ರಿ ನಿಜವಾಗಿ ನಿಶ್ಶಬ್ದ ಅಂತಾದರೆ ಮಾತ್ರ ಎನ್‌ಟಿ1-ಎಗೆ ಹೆಚ್ಚಿನ ದುಡ್ಡು ಹಾಕಿ. ಇಲ್ಲದಿದ್ದರೆ ಆ ದುಡ್ಡನ್ನು ಕೋಣೆಗೆ ಹಾಕಿ. ನಾನು ನೆಲಕ್ಕೆ ಜಮಖಾನ ಹಾಸಿ, ಹತ್ತಿಯ ಹಾಸಿಗೆಯನ್ನು ಗೋಡೆಗೆ ಒರಗಿಸಿ, ಸೀರೆ ತುಂಬಿದ ಬೀರುವಿನ ಬಾಗಿಲು ತೆರೆದಿಟ್ಟು ಕೂರುತ್ತೇನೆ. ಗೋಡೆಯ ಪ್ರತಿಧ್ವನಿ ಎಷ್ಟೋ ಇಳಿಯುತ್ತದೆ. ಯಾವ ಪ್ರಿಆಂಪ್‌ನಿಂದಲೂ ಇಷ್ಟು ಬದಲಾವಣೆ ಬರುವುದಿಲ್ಲ.

ಹಾಡುವವರಿಗೆ ಒಂದು ಮಾತು. ಪ, ಫ, ಭ ಬಂದಾಗ ಬಾಯಿಯ ಗಾಳಿ ಮೈಕ್‌ಗೆ ಬಡಿಯುತ್ತದೆ. ಬಾಯಿಗೂ ಮೈಕ್‌ಗೂ ನಡುವೆ ಪಾಪ್ ಫಿಲ್ಟರ್ (ಗಾಳಿ ತಡೆಯುವ ಪರದೆ) ಹಾಕಿ, ಮೈಕನ್ನು ಬಾಯಿಯ ನೇರದಿಂದ ಸ್ವಲ್ಪ ಪಕ್ಕಕ್ಕೆ ಸರಿಸಿ. ಗೇನ್ ಇಡುವಾಗ ತಾರಸ್ಥಾಯಿಯಲ್ಲಿ ಪೂರ್ತಿ ದನಿ ಬಿಟ್ಟು ಹಾಡಿ ನೋಡಿ. ಆಗಲೂ ಮೀಟರ್ ಮೈನಸ್ 10 ಡೆಸಿಬೆಲ್‌ನ ಹತ್ತಿರ ನಿಲ್ಲಬೇಕು. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ಲೆವೆಲ್ ಸ್ವಲ್ಪ ಕಡಿಮೆ ಇದ್ದರೂ ಚಿಂತೆ ಇಲ್ಲ, ಆಮೇಲೆ ಏರಿಸಬಹುದು. ಒಡೆದ ದನಿಯನ್ನು ಸರಿ ಮಾಡುವುದು ಕಷ್ಟ.

‘ಗುಂಯ್’ ಅನ್ನುವ ಸದ್ದು ಬಂದರೆ ಸುಮ್ನೆ ಮೈಕನ್ನು ಬೈಯಬೇಡಿ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು, ಬ್ಯಾಟರಿ ಮೇಲೆ ನಡೆಸಿ ನೋಡಿ. ನಮ್ಮಲ್ಲಿ ಅಷ್ಟಕ್ಕೇ ಸದ್ದು ನಿಂತಿತು. ಹಳೇ ಮನೆಗಳಲ್ಲಿ ಅರ್ಥಿಂಗ್ ಸರಿ ಇದೆಯೇ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸುವುದು ಒಳ್ಳೆಯದು.

ಒಂದೇ ಮೈಕ್ ಕೊಳ್ಳುವವರಿಗೆ ನಾನು ಹೇಳುವುದು ಎಟಿ2020. ಬೀದಿ ಗದ್ದಲ ಜಾಸ್ತಿ ಇದ್ದು, ದನಿ ದೊಡ್ಡದಿದ್ದು, ಮೈಕ್‌ಗೆ ಹತ್ತಿರ ನಿಂತು ಹಾಡುವವರಾದರೆ ಎಸ್‌ಎಂ57. ಇದು 1965ರಿಂದ ಮಾರುಕಟ್ಟೆಯಲ್ಲಿದೆ, ಗಟ್ಟಿಮುಟ್ಟು. ಆದರೆ ಇದರ ನಕಲಿಗಳು ಬಹಳ. ಅಧಿಕೃತ ಡೀಲರ್ ಹತ್ತಿರವೇ ಬಿಲ್ ಸಮೇತ ತೆಗೆದುಕೊಳ್ಳಿ. ಅಸಲಿ ಮೈಕ್ ತೂಕ 284 ಗ್ರಾಂ. ಕೈಗೆ ತೀರಾ ಹಗುರ ಅನ್ನಿಸಿದರೆ ಅಲ್ಲೇ ವಾಪಸ್ ಕೊಟ್ಟುಬಿಡಿ.